ಪುಪ್ಕರ

ಪುಷ್ಕರನ ಹೊಟ್ಟೆಯೊಳಗಿನ ಗೀಟು
ನನಗೆ ಕಾಣಲಿಲ್ಲ.
ಆದದ್ದು ಇಷ್ಟೇ.
ಷ ಅಂದರೆ ಗೀಟು ಎಳೆಸಿಕೊಂಡ ಪ ತಾನೇ,
ಆ ಗೀಟು ಎಲ್ಲೋ ಬಿದ್ದುಹೋಗಿ
ನಾನೂರು ಕಾರ್ಡುಗಳ ಮೇಲೆ, ಬಂಗಾರದ ಶಾಯಿಯಲ್ಲಿ
ಚಿ॥ ಪುಪ್ಕರ
ಮದುವೆಗೆ ತಯಾರಾಗಿ ನಿಂತ.

ಕರಡಿನ ಮೂಲೆಯಲ್ಲಿ ನನ್ನದೇ ಕೆಂಪು ಪೆನ್ನು:
ಸರಿ ಇದೆ, ಪ್ರಿಂಟಿಗೆ ಕೊಡಿ.

ಸುಲ್ತಾನ್‌ಪೇಟೆಯ ಈ ಗಲ್ಲಿಯಲ್ಲಿ ಇಪ್ಪತ್ತೊಂದು ವರ್ಷ
ಕಂಡವರ ಲಗ್ನಪತ್ರಿಕೆ ತಿದ್ದಿದವಳು ನಾನು.
ವದುವಿಗೆ ಕಾಲು ಕೊಟ್ಟು ವಧು ಮಾಡಿದ್ದೇನೆ,
ಮುಹೂರ್ತಕ್ಕೆ ಅರ್ಕಾವೊತ್ತು ಕೂರಿಸಿದ್ದೇನೆ,
ಯಾವ ಸೋದರಮಾವ ಬಿಟ್ಟುಹೋದರೆ ಛತ್ರದಲ್ಲಿ ಜಗಳ, ಗೊತ್ತು.

ಮೊದಲು ಹೋದವು ಒತ್ತಕ್ಷರಗಳು.
ಸಾಲಿನ ಕೆಳಗೆ ಜೋತುಬಿದ್ದ ಬಡಪಾಯಿಗಳು
ಒದ್ದೆ ಬಟ್ಟೆಯ ಹಾಗೆ ಒಂದಕ್ಕೊಂದು ಅಂಟಿಕೊಂಡವು.
ಆಮೇಲೆ ೬ ಮತ್ತು ೯.
ಕರಡನ್ನು ದೂರ ಹಿಡಿದೆ. ಇನ್ನೂ ದೂರ.
ತೋಳು ಮುಗಿದುಹೋಯಿತು.
ಟ್ಯೂಬ್‌ಲೈಟಿಗೆ ಬೈದೆ, ಶಾಯಿಗೆ ಬೈದೆ,
ಇದೇನು ಸಣಕಲು ಫಾಂಟು ಅಂತ ಡಿಟಿಪಿ ಮುನೀರನಿಗೆ ಬೈದೆ.
ಅವನು ತೆರೆಯ ಮೇಲೆ ಮುನ್ನೂರು ಪರ್ಸೆಂಟ್ ಹಿಗ್ಗಿಸಿ ತೋರಿಸಿದ.
ಕಾಗದ ಹಿಗ್ಗುವುದಿಲ್ಲ ಮಗನೇ.

ನಿಜ ಹೇಳಲೇ, ಎರಡು ವರ್ಷದಿಂದ
ನಾನು ಓದುತ್ತಲೇ ಇರಲಿಲ್ಲ.
ಗುರುಹಿರಿಯರು ನಿಶ್ಚಯಿಸಿದಂತೆ,
ತಾವು ಸಕುಟುಂಬ ಪರಿವಾರ ಸಮೇತರಾಗಿ...
ಇದೆಲ್ಲ ನಿದ್ದೆಯಲ್ಲೂ ಬರುತ್ತದೆ.
ಹೆಸರೊಂದೇ
ಊಹೆಗೆ ಸಿಗದ್ದು.

ಹುಡುಗನ ತಾಯಿ ಕೂಗಾಡಲಿಲ್ಲ.
ಕತ್ತಿನ ದಾರದಲ್ಲಿದ್ದ ಕನ್ನಡಕ ಮೂಗಿಗೇರಿಸಿ, ಕಾರ್ಡು ನೋಡಿ,
ನನ್ನನ್ನೂ ನೋಡಿ,
'ನಿಮಗೂ ಚಾಳೀಸು ಬಂದಿದೆ ಕಣ್ರೀ' ಅಂದರು.
ಬೈದಿದ್ದರೆ ತಡಕೊಳ್ಳುತ್ತಿದ್ದೆ.

ಚಾಳೀಸು ಅಂದರೆ ನಲವತ್ತು.
ನನಗೀಗ ನಲವತ್ತೇಳು.
ಏಳು ವರ್ಷ ಹೊಸಿಲಾಚೆ ನಿಲ್ಲಿಸಿದ್ದೆ ಅಂತಾಯಿತು.

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನೂರೈವತ್ತಕ್ಕೊಂದು ಸಿಕ್ಕಿತು,
ಪ್ಲಸ್ ಒಂದೂವರೆ, ಎರಡು ಕಣ್ಣಿಗೂ ಒಂದೇ ಲೆಕ್ಕ.
ನನ್ನವೋ ಒಂದೇ ಮನೆಗೆ ಬಂದ ವಾರಗಿತ್ತಿಯರು.
ಸಂಜೆಯೊಳಗೆ ತಲೆನೋವು.

ಕೊನೆಗೆ ಜಿನದತ್ತಪ್ಪನವರ ಕನ್ನಡಕದಂಗಡಿ, ಕತ್ತಲ ಕೋಣೆ,
ಗೋಡೆಯ ಮೇಲೆ ಮ ಟ ಬ ಠ ರ.
ಅರ್ಥವಿಲ್ಲದ ಅಕ್ಷರ, ಊಹಿಸಲು ಏನೂ ಇಲ್ಲ,
ಸಿಕ್ಕಿಬಿದ್ದೆ.
'ರೋಗ ಅಲ್ಲಮ್ಮ, ಕಣ್ಣೊಳಗಿನ ಮಸೂರಕ್ಕೂ
ಸೊಂಟದ ಹಾಗೆ ಬಗ್ಗೋಕಾಗಲ್ಲ ಅನ್ನೋ ವಯಸ್ಸು' ಅಂದರು.
ಓದುವುದಕ್ಕಷ್ಟೇ ಒಂದಿದೆ,
ಕೆಳಗೆ ಕಿಟಕಿ ಕೊರೆದ ಬೈಫೋಕಲ್ ಇದೆ,
ಗೆರೆಯೇ ಕಾಣದ ಪ್ರೋಗ್ರೆಸಿವ್ ಇದೆ, ಅದರ ರೇಟೂ ಹಾಗೇ.
ಗೆರೆ ಕಾಣದೇ ತಾನೇ ಇಷ್ಟೆಲ್ಲ ಆದದ್ದು,
ಗೆರೆ ಇರುವುದನ್ನೇ ಕೊಡಿ ಅಂದೆ.

ಮೊದಲ ವಾರ ಚಿಕ್ಕಪೇಟೆ ಮೆಟ್ರೋದ ಮೆಟ್ಟಿಲುಗಳು
ಕಾಲಿಗೆ ಮೊದಲೇ ಎದ್ದು ಬಂದವು.
ಕಂಬಿ ಹಿಡಿದು, ಗದ್ದ ತಗ್ಗಿಸಿ, ಹೊಸ ಸೊಸೆಯಂತೆ ಇಳಿದೆ.
ಅಂಗಡಿಯಲ್ಲಿ ಎಲ್ಲ ಬೇಡವೆಂದರೂ ಕಂಡಿತು:
ಜಬೀವುಲ್ಲಾ ಸಾಹೇಬರ ಹುಬ್ಬಿನ ಬಿಳಿ,
ಅವರ ಡ್ರಾಯರಿನಲ್ಲಿ ಲೆಡ್ಜರಿನಡಿ ಬಚ್ಚಿಟ್ಟ ಅವರದೂ ಒಂದು ಜೊತೆ,
ನನ್ನ ಬೆರಳ ಸುಕ್ಕಿನಲ್ಲಿ ಸಣ್ಣ ಕಾಲುವೆಗಳಾಗಿ ಇಳಿದ ಕೆಂಪು ಶಾಯಿ.

ನಷ್ಟದ ಅರ್ಧ ನನ್ನ ಸಂಬಳದಲ್ಲಿ ಮುರಿದರು.
ಇನ್ನರ್ಧದ ಮಾತು ಅವರೂ ಎತ್ತಲಿಲ್ಲ, ನಾನೂ.

ಪುಷ್ಕರನಿಗೆ ಮದುವೆಯಾಯಿತು, ಸರಿಯಾದ ಕಾರ್ಡಿನಲ್ಲಿ.
ಪುಪ್ಕರ ಮಾತ್ರ ಇಲ್ಲೇ ಇದ್ದಾನೆ,
ಹಾಲಿನ ಲೆಕ್ಕದ ಹಿಂಬದಿ, ಟೀ ಲೋಟದ ಅಡಿ,
ಬಂಗಾರದ ಶಾಯಿ ಒಂಚೂರೂ ಮಾಸಿಲ್ಲ.
ಆಷಾಢದ ಮಧ್ಯಾಹ್ನ, ಗಿರಾಕಿಯಿಲ್ಲದ ಹೊತ್ತು,
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ
ಒಮ್ಮೆ ಅವನ ಕಡೆ ನೋಡುತ್ತೇನೆ:
ಪುಷ್ಕರನೇ.